ಆ ವಚನದ ಹಿಂದೆ ಮುಂದೆ

ಕೆಲವು ವರ್ಷಗಳ ಹಿಂದೆ ನನ್ನ ಗೆಳೆಯನೊಬ್ಬ ಕೆಲಸ ಕಳೆದುಕೊಂಡ. ಆ ರಾತ್ರಿಯೇ ಅವನ ಫೋನಿಗೆ ಒಂದು ವಚನ ಕಳಿಸಿದೆ. ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನಾನು ಯೋಚಿಸುತ್ತಿರುವುದು ಕೇಡನ್ನಲ್ಲ, ಒಳ್ಳೆಯದನ್ನೇ, ನಿಮಗೆ ನಿರೀಕ್ಷೆ ಕೊಡಬೇಕೆಂದೇ ಎಂದು ದೇವರು ಹೇಳುವ ಮಾತು. ಬೈಬಲ್ ತೆರೆದು ನೋಡದವರ ಕಣ್ಣಿಗೂ ಅದು ಎಲ್ಲೋ ಬಿದ್ದಿರುತ್ತದೆ. ಅದರ ಕೆಳಗೆ ನನ್ನದೂ ಒಂದು ಸಾಲು ಸೇರಿಸಿದೆ: "ನೋಡ್ತಾ ಇರು, ಎರಡು ಮೂರು ತಿಂಗಳಲ್ಲಿ ಎಲ್ಲ ಸರಿಹೋಗುತ್ತೆ."

ಸರಿಹೋಗಲಿಲ್ಲ. ಮೂರು ತಿಂಗಳು ಆರಾಯಿತು, ಆರು ಹನ್ನೊಂದಾಯಿತು. ಒಂದು ದಿನ ಮಾತಿನ ಮಧ್ಯೆ ಅವನೇ ಕೇಳಿದ. ಸಿಟ್ಟಿನಿಂದೇನೂ ಅಲ್ಲ, ಸುಮ್ನೆ ತಿಳಿದುಕೊಳ್ಳೋಕೆ. "ನೀನು ಆವತ್ತು ಕಳಿಸಿದೆಯಲ್ಲ ಆ ವಚನ, ಅದನ್ನ ಮೊದಲು ಹೇಳಿದ್ದು ಯಾರಿಗೆ?"

ನನಗೆ ಗೊತ್ತಿರಲಿಲ್ಲ. ಹತ್ತಾರು ಸಲ ಹತ್ತಾರು ಜನಕ್ಕೆ ಕಳಿಸಿದ್ದ ವಚನ. ಅದರ ಹಿಂದಿನ ವಚನ ಏನು ಅಂತ ಕೇಳಿದ್ದರೂ ನನ್ನ ಬಳಿ ಉತ್ತರ ಇರಲಿಲ್ಲ.

ಚಿಕ್ಕಂದಿನಿಂದ ಬೈಬಲ್ ಕೇಳಿಕೊಂಡೇ ಬೆಳೆದವರಿಗೆ ಒಂದು ತೊಂದರೆ ಇದೆ. ಕೇಳಿ ಕೇಳಿ ಓದಿದ್ದೇವೆ ಅಂದುಕೊಂಡುಬಿಡುತ್ತೇವೆ. ನನಗೆ ನೂರಾರು ವಚನ ಬಾಯಿಪಾಠ ಬರುತ್ತಿತ್ತು. ಪ್ರಸಂಗದಲ್ಲಿ ಪಾಸ್ಟರ್ ಅರ್ಧ ಹೇಳಿದರೆ ಉಳಿದರ್ಧ ನಾನು ಮನಸ್ಸಿನಲ್ಲೇ ಮುಗಿಸುತ್ತಿದ್ದೆ. ಆದರೆ ಒಂದು ಪುಸ್ತಕವನ್ನು, ಬರೀ ಒಂದನ್ನು, ಮೊದಲಿನಿಂದ ಕೊನೆಯವರೆಗೆ ನಾನೇ ಕೂತು, ಇಲ್ಲಿ ಏನು ನಡೆಯುತ್ತಿದೆ ಅಂತ ಕೇಳಿಕೊಂಡು ಓದಿದ್ದೇ ಇಲ್ಲ. ಬೆಳಿಗ್ಗೆ ಎದ್ದು ಎಲ್ಲೋ ಒಂದು ಪುಟ ತೆರೆಯುವುದು, ಕಣ್ಣಿಗೆ ಬಿದ್ದ ಸಾಲು ಇವತ್ತು ನನಗಾಗಿ ಬಂದದ್ದು ಅಂದುಕೊಳ್ಳುವುದು, ಅದನ್ನೇ ಧ್ಯಾನ ಅಂತ ಕರೆಯುವುದು. ಇಷ್ಟೇ ನಡೆಯುತ್ತಿತ್ತು.

ಆ ದಿನ ಮನೆಗೆ ಬಂದು ಯೆರೆಮೀಯ 29 ತೆರೆದೆ. ಅದೊಂದು ಪತ್ರ! ನಿಜವಾಗಿ ಪತ್ರ. ಯೆರೂಸಲೇಮಿನಲ್ಲಿರುವ ಪ್ರವಾದಿ, ಬಾಬಿಲೋನಿಗೆ ಸೆರೆಯಾಗಿ ಹೋದ ತನ್ನ ಜನಕ್ಕೆ ಬರೆದ ಕಾಗದ. ಅದರಲ್ಲಿ ಅವನು ಮೊದಲು ಹೇಳುವುದು ಏನು ಗೊತ್ತಾ? ಮನೆ ಕಟ್ಟಿಕೊಂಡು ವಾಸಮಾಡಿ. ತೋಟ ಮಾಡಿ, ಅದರ ಫಲ ತಿನ್ನಿ. ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ. ನಿಮ್ಮನ್ನು ಸೆರೆ ಒಯ್ದ ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ. ಅಂದರೆ, ಬೇಗ ವಾಪಸ್ ಬರುತ್ತೀರಿ ಅಂತ ಗಂಟುಮೂಟೆ ಕಟ್ಟಿಕೊಂಡು ಕೂರಬೇಡಿ. ಹತ್ತನೇ ವಚನದಲ್ಲಿ ಲೆಕ್ಕವೂ ಇದೆ: 70 ವರ್ಷ. ಆಮೇಲೆ ಬರುತ್ತದೆ ನನ್ನ ಹನ್ನೊಂದನೇ ವಚನ. ಆ ಕಾಗದವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಆ 70 ವರ್ಷ ಮುಗಿಯುವುದನ್ನು ನೋಡಿರಲಾರರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹಿಂದಿನ ಅಧ್ಯಾಯವನ್ನೂ ಓದಿದೆ, ಓದಬಾರದಿತ್ತು ಅನಿಸುವಷ್ಟು ನಾಚಿಕೆಯಾಯಿತು. 28ರಲ್ಲಿ ಹನನ್ಯ ಅಂತ ಇನ್ನೊಬ್ಬ ಪ್ರವಾದಿ ಇದ್ದಾನೆ. ದೇವಾಲಯದಲ್ಲಿ, ಎಲ್ಲರ ಎದುರು, ಇನ್ನೆರಡೇ ವರ್ಷ, ಬಾಬಿಲೋನಿನ ನೊಗ ಮುರಿದು ಎಲ್ಲರೂ ವಾಪಸ್ ಬರುತ್ತಾರೆ ಅಂತ ಘೋಷಿಸುತ್ತಾನೆ. ಬಾಬಿಲೋನಿಗೆ ತಲೆಬಾಗಿ ಅನ್ನುವ ಗುರುತಾಗಿ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ನೊಗವನ್ನೇ ತೆಗೆದು ಮುರಿದು ಹಾಕುತ್ತಾನೆ. ಜನಕ್ಕೆ ಎಷ್ಟು ಹಿತವಾಗಿರಬೇಕು ಆ ಮಾತು! ಯೆರೆಮೀಯ ಮೊದಲು ಹೇಳಿದ್ದು "ಆಮೆನ್, ಹಾಗೇ ಆಗಲಿ" ಅಂತ. ಅವನಿಗೂ ಅದೇ ಬೇಕಿತ್ತು ಪಾಪ. ಆದರೆ ಹನನ್ಯ ಹೇಳಿದ್ದು ಸುಳ್ಳು.

ಎರಡು ವರ್ಷ ಅಂದವನು ಹನನ್ಯ. ಎರಡು ಮೂರು ತಿಂಗಳು ಅಂದವನು ನಾನು. ಯೆರೆಮೀಯನ ವಚನ ಕಳಿಸುತ್ತಿದ್ದೇನೆ ಅಂದುಕೊಂಡು ಹನನ್ಯನ ಮಾತು ಕಳಿಸಿದ್ದೆ.

ಬೈಬಲನ್ನು ನಾನೇ ಓದಲು ಕಲಿಯಬೇಕು ಅಂತ ಹೊರಟಿದ್ದು ಅಲ್ಲಿಂದ. ಭಕ್ತಿ ಉಕ್ಕಿ ಬಂದು ಅಲ್ಲ, ಮುಜುಗರದಿಂದ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಒಂದು ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಯೋಜನೆ. 66 ಪುಸ್ತಕ, 1,189 ಅಧ್ಯಾಯ, ದಿನಕ್ಕೆ ಮೂರು ಚಿಲ್ಲರೆ. ಆದಿಕಾಂಡ ಕಥೆಯ ಹಾಗೆ ಓಡಿತು. ವಿಮೋಚನಕಾಂಡದ ಕೊನೆಗೆ ಆರಾಧನೆಯ ಗುಡಾರದ ಅಳತೆಗಳು ಬಂದಾಗ ಆಕಳಿಕೆ. ಯಾಜಕಕಾಂಡದಲ್ಲಿ ಗಾಡಿ ನಿಂತೇ ಹೋಯಿತು. ಹೀಗೆ ಓದಿ ಮುಗಿಸಿದವರ ಬಗ್ಗೆ ನನಗೆ ಗೌರವವಿದೆ, ಆದರೆ ಮೊದಲ ಸಲ ಓದುವವರಿಗೆ ಇದನ್ನು ಹೇಳುವವರ ಮೇಲೆ ಸ್ವಲ್ಪ ಸಿಟ್ಟೂ ಇದೆ.

ಎರಡನೇ ಸಲ ಅಳತೆ ಚಿಕ್ಕದು ಮಾಡಿಕೊಂಡೆ. ಒಂದೇ ಪುಸ್ತಕ, ಮಾರ್ಕನ ಸುವಾರ್ತೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಒಂದು ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಜೋರಾಗಿ ಓದಿದೆ, ಎದ್ದೇಳದೆ. ಎರಡು ಗಂಟೆಯೊಳಗೆ ಮುಗಿಯಿತು. ಅಷ್ಟು ವರ್ಷ ಚೂರು ಚೂರಾಗಿ ಕೇಳಿದ್ದ ಕಥೆಗಳೆಲ್ಲ ಒಂದರ ಹಿಂದೆ ಒಂದು ಬರುವಾಗ ಮೊದಲು ಗಮನಕ್ಕೆ ಬಂದದ್ದು ವೇಗ. "ಕೂಡಲೇ", "ತಕ್ಷಣ", ಮತ್ತೆ "ಕೂಡಲೇ". ಈ ಅರ್ಥದ ಗ್ರೀಕ್ ಪದವನ್ನು ಮಾರ್ಕ ಸುಮಾರು 40 ಸಲ ಬಳಸುತ್ತಾನಂತೆ. ಉಸಿರು ಬಿಡದೆ ಹೇಳುವ ಮನುಷ್ಯ. ಅಷ್ಟು ಅವಸರದಲ್ಲೂ ಎಲ್ಲೋ ಒಂದು ಕಡೆ ನಿಂತು, ಬಿರುಗಾಳಿಯಲ್ಲಿ ಯೇಸು ತಲೆದಿಂಬಿಟ್ಟುಕೊಂಡು ಮಲಗಿದ್ದ ಅಂತಲೂ, ಐದು ಸಾವಿರ ಜನ ಕೂತ ಹುಲ್ಲು ಹಸಿರಾಗಿತ್ತು ಅಂತಲೂ ಹೇಳುತ್ತಾನೆ.

ಆಮೇಲೆ ಪೆನ್ಸಿಲ್ ಹಿಡಿದು ನಿಧಾನವಾಗಿ ಮತ್ತೆ ಓದಿದೆ. ಒಂದು ನೋಟ್‌ಬುಕ್. ಎಡಗಡೆ ಪುಟದಲ್ಲಿ, ಬೈಬಲಿನಲ್ಲಿ ಇರುವುದನ್ನು ಮಾತ್ರ ಬರೆಯಬೇಕು: ಯಾರು, ಎಲ್ಲಿ, ಯಾವ ಪದ ಮತ್ತೆ ಬಂತು, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ. ನನಗೆ ಅನಿಸಿದ್ದು ಬಲಗಡೆಗೆ. ಇದು ತುಂಬಾ ಸುಲಭ ಅನಿಸುತ್ತದೆ ಅಲ್ವಾ? ನನಗೆ ಒಂದು ವಾರ ಎಡಗಡೆ ಪುಟ ತುಂಬಲೇ ಇಲ್ಲ. ಎರಡು ಸಾಲು ಬರೆಯುವಷ್ಟರಲ್ಲಿ "ಇದರಿಂದ ನಾವು ಕಲಿಯಬೇಕಾದ್ದು" ಅಂತ ಕೈ ತಾನೇ ಬಲಗಡೆಗೆ ಹೋಗುತ್ತಿತ್ತು. ಕಣ್ಣು ನೋಡುವ ಮೊದಲೇ ಬಾಯಿ ಪ್ರಸಂಗ ಮಾಡುವ ಅಭ್ಯಾಸ.

ಐದನೇ ಅಧ್ಯಾಯದಲ್ಲಿ ಮೊದಲ ಸಲ ಏನೋ ಸಿಕ್ಕಿತು. ಯಾಯೀರ ಅನ್ನುವವನ ಮಗಳು ಸಾಯುತ್ತಿದ್ದಾಳೆ, ಯೇಸು ಅವನ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ರಕ್ತಸ್ರಾವದ ಹೆಂಗಸೊಬ್ಬಳು ಹಿಂದಿನಿಂದ ಬಂದು ಬಟ್ಟೆ ಮುಟ್ಟುತ್ತಾಳೆ. ಎರಡು ಅದ್ಭುತಗಳು ಅಂತ ಬೇರೆ ಬೇರೆಯಾಗಿ ಕೇಳಿದ್ದವು. ಎಡಗಡೆ ಪುಟದಲ್ಲಿ ಬರೆಯುತ್ತಾ ಹೋದಾಗ: ಹೆಂಗಸಿಗೆ ಕಾಯಿಲೆ 12 ವರ್ಷದಿಂದ. ಕಥೆಯ ಕೊನೆಗೆ, ಹುಡುಗಿಗೆ 12 ವರ್ಷ. ಯಾಯೀರ "ನನ್ನ ಮಗಳು" ಅನ್ನುತ್ತಾನೆ. ಯೇಸು ಆ ಹೆಂಗಸನ್ನು "ಮಗಳೇ" ಅನ್ನುತ್ತಾನೆ. ಒಬ್ಬ ಮಗಳಿಗಾಗಿ ಓಡಿ ಬರಲು ಊರಲ್ಲಿ ಹೆಸರಿದ್ದ ಅಪ್ಪ ಇದ್ದ. ಇನ್ನೊಬ್ಬಳಿಗೆ ಯಾರೂ ಇದ್ದ ಹಾಗೆ ಕಾಣುವುದಿಲ್ಲ, ಇದ್ದದ್ದೆಲ್ಲ ವೈದ್ಯರಿಗೆ ಸುರಿದಾಗಿತ್ತು. ಒಂದು ಕಥೆಯ ಹೊಟ್ಟೆಯೊಳಗೆ ಇನ್ನೊಂದನ್ನು ಇಟ್ಟಿರುವುದು ಸುಮ್ನೆ ಅಲ್ಲ. ಆಮೇಲೆ 11ನೇ ಅಧ್ಯಾಯದಲ್ಲೂ ಅದೇ ಕೈಚಳಕ ಕಂಡಿತು. ಅಂಜೂರದ ಮರ, ನಡುವೆ ದೇವಾಲಯದಲ್ಲಿ ಮೇಜುಗಳನ್ನು ಉರುಳಿಸಿದ್ದು, ಮತ್ತೆ ಅಂಜೂರದ ಮರ. ಎಲೆ ಮಾತ್ರ ಇದ್ದು ಹಣ್ಣಿಲ್ಲದ ಮರದ ಮೇಲೆ ಯೇಸುವಿಗೆ ಯಾಕಷ್ಟು ಸಿಟ್ಟು ಅಂತ ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ನಡುವೆ ಇಟ್ಟಿದ್ದನ್ನು ನೋಡಿದಾಗ ಆಯಿತು: ಆ ಮರದ ಹಾಗೇ ದೇವಾಲಯವೂ.

ಇದನ್ನೆಲ್ಲ ವ್ಯಾಖ್ಯಾನಕಾರರು ಎಂದೋ ಬರೆದಿಟ್ಟಿದ್ದಾರೆ ಅಂತ ಆಮೇಲೆ ತಿಳಿಯಿತು. ಸ್ವಲ್ಪ ಬೇಸರವಾದದ್ದು ನಿಜ. ಆದರೆ ಅವರು ಹೇಳಿದ್ದರೆ ಮರೆತಿರುತ್ತಿದ್ದೆ.

ಅಧ್ಯಾಯಗಳ ಬಗ್ಗೆ ಒಂದು ಮಾತು. ಈ ಅಧ್ಯಾಯ, ವಚನದ ಅಂಕಿಗಳನ್ನು ಬರೆದವರು ಹಾಕಿದ್ದಲ್ಲ. ಈಗಿನ ಅಧ್ಯಾಯಗಳನ್ನು ವಿಂಗಡಿಸಿದವನು 13ನೇ ಶತಮಾನದ ಇಂಗ್ಲೆಂಡಿನ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಅನ್ನುತ್ತಾರೆ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆ ಹಾಕಿದ್ದು ರೊಬೇರ್ ಎಸ್ತಿಯೆನ್ ಅನ್ನುವ ಮುದ್ರಕ, 1551ರಲ್ಲಿ. ಹುಡುಕಲು ಬಹಳ ಅನುಕೂಲ. ಓದಲು ಕೆಲವೊಮ್ಮೆ ಅಡ್ಡಿ. ಆದಿಕಾಂಡದ ಸೃಷ್ಟಿಯ ಕಥೆ ಆರನೇ ದಿನಕ್ಕೆ ಮೊದಲ ಅಧ್ಯಾಯ ಮುಗಿಸಿ, ಏಳನೇ ದಿನವನ್ನು ಎರಡನೇ ಅಧ್ಯಾಯಕ್ಕೆ ತಳ್ಳಿಬಿಡುತ್ತದೆ. ದಿನಕ್ಕೊಂದು ಅಧ್ಯಾಯ ಓದುವವರು ವಿಶ್ರಾಂತಿಯ ದಿನ ಬರುವ ಮೊದಲೇ ಪುಸ್ತಕ ಮುಚ್ಚಿರುತ್ತಾರೆ. ಪ್ರವಾದಿ ಯೆಶಾಯನ ಪುಸ್ತಕದಲ್ಲಿರುವ ನರಳುವ ಸೇವಕನ ಹಾಡು ಶುರುವಾಗುವುದು 53ರಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು 52ರ 13ನೇ ವಚನದಲ್ಲೇ ಶುರುವಾಗಿರುತ್ತದೆ.

ಹಾಗಾಗಿ ನನ್ನದು ಒಂದೇ ನಿಯಮ: ಯಾವ ವಚನ ಇಷ್ಟವಾದರೂ ಹಿಂದೊಂದು ಅಧ್ಯಾಯ, ಮುಂದೊಂದು ಅಧ್ಯಾಯ. ಇದರಿಂದ ಕೆಲವು ಪ್ರೀತಿಯ ವಚನಗಳು ಕೈತಪ್ಪಿದವು. ನಿನ್ನ ಆರಂಭ ಅಲ್ಪವಾಗಿದ್ದರೂ ಅಂತ್ಯ ಬಹಳ ವೃದ್ಧಿಯಾಗುತ್ತದೆ ಎಂಬ ಯೋಬ 8:7 ಇದೆಯಲ್ಲ, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವಂಥ ಮಾತು. ಹೇಳಿದ್ದು ಯಾರು? ಯೋಬನ ಗೆಳೆಯ ಬಿಲ್ದದ. ಮಕ್ಕಳನ್ನು ಕಳೆದುಕೊಂಡು ಕೂತಿದ್ದ ಯೋಬನಿಗೆ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ಹಾಗಾಗಿರಬೇಕು ಅಂತ ಮೂರು ವಚನ ಮೊದಲು ಹೇಳಿದ ಅದೇ ಬಿಲ್ದದ. ಪುಸ್ತಕದ ಕೊನೆಗೆ ದೇವರೇ ಈ ಗೆಳೆಯರಿಗೆ, ನೀವು ನನ್ನ ವಿಷಯವಾಗಿ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಬೈಬಲಿನಲ್ಲಿ ಇದೆ ಅಂದ ಮಾತ್ರಕ್ಕೆ ಬೈಬಲ್ ಅದನ್ನು ಒಪ್ಪಿದೆ ಅಂತ ಅಲ್ಲ. ಇದು ನನಗೆ ಮೂವತ್ತು ದಾಟಿದ ಮೇಲೆ ಹೊಳೆದದ್ದು.

ನಿಂತುಹೋಗಿದ್ದ ಯಾಜಕಕಾಂಡಕ್ಕೆ ವಾಪಸ್ ಹೋದದ್ದು ರೂತಳ ದಾರಿಯಲ್ಲಿ. ನಾಲ್ಕೇ ಅಧ್ಯಾಯದ ಪುಸ್ತಕ. ಅತ್ತೆ ನೊವೊಮಿಯ ಜೊತೆ ಬಂದ ಮೋವಾಬ್ಯಳಾದ, ಅಂದರೆ ಪಕ್ಕದ ಮೋವಾಬ್ ದೇಶದವಳಾದ ರೂತಳು ಹಕ್ಕಲಾಯಲು ಹೋಗುತ್ತಾಳೆ. ಕೊಯ್ಲಿನವರ ಹಿಂದೆ ಬಿದ್ದ ತೆನೆಗಳನ್ನು ಆಯುವುದು. ಇದು ಹೊಲದ ಒಡೆಯ ಬೋವಜನ ಒಳ್ಳೆಯತನ ಅಂದುಕೊಂಡಿದ್ದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ ಉಲ್ಲೇಖ, ಅದು ಯಾಜಕಕಾಂಡ 19ಕ್ಕೆ ಕಳಿಸಿತು. ಹೊಲದ ಅಂಚಿನವರೆಗೆ ಕೊಯ್ಯಬೇಡಿ, ಹಕ್ಕಲಾಯಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ. ಅಂದರೆ ಅದು ಕಾನೂನು! ನಾನು ಆಕಳಿಸಿ ಮುಚ್ಚಿದ್ದ ಪುಸ್ತಕದ ಒಂದು ಸಾಲು ಇಲ್ಲಿ ಇಬ್ಬರು ವಿಧವೆಯರ ಹೊಟ್ಟೆ ತುಂಬಿಸುತ್ತಿದೆ. ಇನ್ನೊಂದು ಉಲ್ಲೇಖ ಧರ್ಮೋಪದೇಶಕಾಂಡ 23ಕ್ಕೆ. ಅಲ್ಲಿ ಮೋವಾಬ್ಯರು ಹತ್ತನೇ ತಲೆಮಾರಿನವರೆಗೂ ಸಭೆಗೆ ಸೇರಬಾರದು ಅಂತಿದೆ. ಇಲ್ಲಿ ನೋಡಿದರೆ ಮೋವಾಬ್ಯಳೇ ಇಸ್ರಾಯೇಲರ ಅರಸ ದಾವೀದನ ಮುತ್ತಜ್ಜಿ. ಇದನ್ನು ಹೇಗೆ ಹೊಂದಿಸಬೇಕು ಅಂತ ಬಹಳ ದಿನ ತಲೆ ಕೆಡಿಸಿಕೊಂಡೆ. ಪುಸ್ತಕ ಅವಳನ್ನು ಬರೀ ರೂತಳು ಅಂದು ಬಿಡದೆ ಮತ್ತೆ ಮತ್ತೆ ಮೋವಾಬ್ಯಳು ಅಂತ ಕರೆಯುವುದು ನೋಡಿದರೆ, ಓದುವವನು ತಲೆ ಕೆಡಿಸಿಕೊಳ್ಳಲಿ ಅಂತಲೇ ಬರೆದ ಹಾಗಿದೆ.

ಕನ್ನಡದಲ್ಲಿ ಓದುವುದರ ಒಂದು ಲಾಭವನ್ನು ತಡವಾಗಿ ಕಂಡುಕೊಂಡೆ. ಇಂಗ್ಲಿಷ್ ಬೈಬಲನ್ನೂ ಪಕ್ಕದಲ್ಲಿಟ್ಟುಕೊಂಡೇ ಓದುತ್ತಿದ್ದೆ, ಅದೇ ಜಾಸ್ತಿ ನಿಖರ ಅನ್ನುವ ಒಂದು ಕುರುಡು ನಂಬಿಕೆಯಿಂದ. ಲೂಕ 22ರಲ್ಲಿ ಯೇಸು, ಸೀಮೋನ ಅನ್ನುವ ಇನ್ನೊಂದು ಹೆಸರಿದ್ದ ಶಿಷ್ಯ ಪೇತ್ರನಿಗೆ ಒಂದು ಮಾತು ಹೇಳುತ್ತಾನೆ: ಸೀಮೋನನೇ, ಸೈತಾನ ನಿಮ್ಮನ್ನು ಗೋದಿಯ ಹಾಗೆ ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆ, ನಾನು ನಿನಗಾಗಿ ಬೇಡಿಕೊಂಡಿದ್ದೇನೆ. ನಿಮ್ಮನ್ನು, ನಿನಗಾಗಿ. ಅಪಾಯ ಎಲ್ಲ ಶಿಷ್ಯರಿಗೆ, ಪ್ರಾರ್ಥನೆ ಈ ಒಬ್ಬನ ಹೆಸರು ಹಿಡಿದು, ಯಾಕೆಂದರೆ ಅವನು ತಿರುಗಿ ಬಂದು ಉಳಿದವರನ್ನು ಗಟ್ಟಿ ಮಾಡಬೇಕು. ಈಗಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಅಡಿಟಿಪ್ಪಣಿ ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಗ್ರೀಕಿನಲ್ಲಿರುವ ಏಕವಚನ ಬಹುವಚನ ಕನ್ನಡದಲ್ಲಿ ಹಾಗೇ ಉಳಿದಿದೆ. ಆಮೇಲೆ ಎಲ್ಲ ಕಡೆ "ನೀವು" ಹುಡುಕತೊಡಗಿದೆ. ನೀವು ದೇವರ ಆಲಯ ಅಂತ ಪೌಲ ಕೊರಿಂಥದವರಿಗೆ ಬರೆದದ್ದು ಬಹುವಚನದಲ್ಲಿ. ಯೆರೆಮೀಯನ ಆ ಹನ್ನೊಂದನೇ ವಚನವೂ "ನಿಮ್ಮ". ಒಬ್ಬ ಗೆಳೆಯನ ಫೋನಿಗೆ ನಾನು ಕಳಿಸಿದ್ದು ಒಂದು ಇಡೀ ಜನಾಂಗಕ್ಕೆ ಬರೆದ ಕಾಗದದ ಸಾಲು.

ಪದಗಳ ಹುಚ್ಚು ಹಿಡಿದ ಕಾಲವೂ ಒಂದಿತ್ತು. ಯಾವ ಪದ ಬೈಬಲಿನಲ್ಲಿ ಎಲ್ಲೆಲ್ಲಿ ಬರುತ್ತದೆ, ಮೂಲ ಭಾಷೆಯಲ್ಲಿ ಅದು ಏನು ಅಂತ ತೋರಿಸುವ ಪದಸೂಚಿ ಸಿಕ್ಕಿದ ಹೊಸತು. ಹೀಬ್ರೂ ಗೊತ್ತಿಲ್ಲ, ಗ್ರೀಕ್ ಗೊತ್ತಿಲ್ಲ, ಆದರೂ ಪ್ರತಿ ವಾಕ್ಯಕ್ಕೂ "ಮೂಲದಲ್ಲಿ ಇದರ ಅರ್ಥ ಏನೆಂದರೆ" ಅಂತ ಶುರು. ಯೋಹಾನ 21ರಲ್ಲಿ ಯೇಸು ಪೇತ್ರನನ್ನು ಮೂರು ಸಲ ಪ್ರೀತಿಸುತ್ತೀಯಾ ಅಂತ ಕೇಳುವಾಗ ಎರಡು ಬೇರೆ ಗ್ರೀಕ್ ಪದಗಳಿವೆ, ಒಂದು ದೈವಿಕ ಪ್ರೀತಿ, ಇನ್ನೊಂದು ಬರೀ ಸ್ನೇಹ ಅಂತ ಒಂದು ಪ್ರಾರ್ಥನಾ ಕೂಟದಲ್ಲಿ ಅರ್ಧ ಗಂಟೆ ಕೊರೆದೆ. ಮುಗಿದ ಮೇಲೆ ವಯಸ್ಸಾದ ಒಬ್ಬರು ಪಕ್ಕಕ್ಕೆ ಕರೆದು, "ಯೋಹಾನ 3:35, 5:20 ಎರಡೂ ನೋಡಪ್ಪಾ" ಅಂದರು, ಅಷ್ಟೇ. ನೋಡಿದೆ. ಎರಡೂ ಕಡೆ ಇರುವುದು ತಂದೆ ಮಗನನ್ನು ಪ್ರೀತಿಸುತ್ತಾನೆ ಅಂತ. ಒಂದು ಕಡೆ ಆ ಪದ, ಇನ್ನೊಂದು ಕಡೆ ಈ ಪದ. ಯೋಹಾನ ಎರಡನ್ನೂ ಬದಲಾಯಿಸಿ ಬಳಸುತ್ತಾನೆ, ನನ್ನ ಅರ್ಧ ಗಂಟೆ ದಂಡ. "ಕಾಲು ಗಂಟೆ" ಅಂದಾಗ ನಾವು ಯಾರೂ ಗಂಟೆಗೆ ಪಾದ ಎಲ್ಲಿ ಅಂತ ಹುಡುಕುವುದಿಲ್ಲ. ಬೇರೆ ಭಾಷೆಯ ಪದ ಸಿಕ್ಕಿದ ಕೂಡಲೇ ಅದನ್ನೇ ಮಾಡುತ್ತೇವೆ.

ಹಾಗಂತ ಪದಸೂಚಿ ಬಿಸಾಡಲಿಲ್ಲ. ರೂತಳಲ್ಲೇ ಅದು ನನಗೆ ಒಂದು ದೊಡ್ಡ ಖುಷಿ ಕೊಟ್ಟಿತು. ನೀನು ದೇವರ ರೆಕ್ಕೆಗಳ ಕೆಳಗೆ ಆಶ್ರಯಕ್ಕೆ ಬಂದಿದ್ದೀಯ ಅಂತ ಬೋವಜ ಎರಡನೇ ಅಧ್ಯಾಯದಲ್ಲಿ ಅವಳನ್ನು ಹರಸುತ್ತಾನೆ. ಮೂರನೇ ಅಧ್ಯಾಯದಲ್ಲಿ, ರಾತ್ರಿ ಕಣದಲ್ಲಿ, ನಿನ್ನ ಹೊದಿಕೆಯ ಅಂಚನ್ನು ನನ್ನ ಮೇಲೆ ಹಾಕು, ಅಂದರೆ ನನ್ನನ್ನು ಮದುವೆಯಾಗು ಅಂತ ಅವಳು ಕೇಳುತ್ತಾಳೆ. ಹೀಬ್ರೂವಿನಲ್ಲಿ ಎರಡೂ ಕಡೆ ಒಂದೇ ಪದ, ಕಾನಾಫ್. ರೆಕ್ಕೆಗೂ ಅದೇ, ಬಟ್ಟೆಯ ಅಂಚಿಗೂ ಅದೇ. ದೇವರ ರೆಕ್ಕೆ ಅಂತ ದೊಡ್ಡ ಮಾತು ಆಡಿದೆಯಲ್ಲ, ಈಗ ಆ ರೆಕ್ಕೆ ನೀನೇ ಆಗು ಅಂತ ಅವನ ಮಾತನ್ನೇ ಅವನಿಗೆ ವಾಪಸ್ ಕೊಡುತ್ತಿದ್ದಾಳೆ. ಎಂಥ ಹೆಂಗಸು!

ಒಬ್ಬರೇ ಓದಿದರೆ ದಾರಿ ತಪ್ಪುವುದಿಲ್ಲವೇ ಅಂತ ಕೇಳುತ್ತಾರೆ. ತಪ್ಪುತ್ತೇವೆ, ಈಗಷ್ಟೇ ಹೇಳಿದೆನಲ್ಲ. ಅಪೊಸ್ತಲರ ಕೃತ್ಯಗಳು 8ರಲ್ಲಿ ರಥದಲ್ಲಿ ಕೂತು ಯೆಶಾಯನನ್ನು ಜೋರಾಗಿ ಓದುತ್ತಾ ಹೋಗುವ ಐಥಿಯೋಪ್ಯದ ಅಧಿಕಾರಿ ನನಗೆ ಬಹಳ ಇಷ್ಟ. ಓದುವುದು ನಿನಗೆ ಅರ್ಥವಾಗುತ್ತಿದೆಯಾ ಅಂತ, ಯೇಸುವಿನ ಸುದ್ದಿ ಸಾರುತ್ತಿದ್ದ ಫಿಲಿಪ್ಪ ಕೇಳಿದರೆ, ಯಾರಾದರೂ ದಾರಿ ತೋರಿಸದೆ ಹೇಗೆ ಅರ್ಥವಾದೀತು ಅನ್ನುತ್ತಾನೆ. ಆದರೆ ಗಮನಿಸಿ, ಫಿಲಿಪ್ಪ ಬರುವ ಹೊತ್ತಿಗೆ ಅವನ ಬಾಯಲ್ಲಿ ಒಂದು ಪ್ರಶ್ನೆ ಸಿದ್ಧವಾಗಿತ್ತು: ಪ್ರವಾದಿ ಇದನ್ನು ಯಾರ ವಿಷಯವಾಗಿ ಹೇಳುತ್ತಾನೆ, ತನ್ನ ವಿಷಯವಾಗಿಯೋ, ಬೇರೆಯವನ ವಿಷಯವಾಗಿಯೋ? ಎಂಥ ಒಳ್ಳೆಯ ಪ್ರಶ್ನೆ. ಓದದವನಿಗೆ ಹುಟ್ಟುವ ಪ್ರಶ್ನೆಯೇ ಅಲ್ಲ. ನಾನು ವ್ಯಾಖ್ಯಾನಗಳನ್ನು ಈಗಲೂ ಓದುತ್ತೇನೆ, ಆದರೆ ನನ್ನ ಎರಡೂ ಪುಟ ತುಂಬಿದ ಮೇಲೆ. ಮೊದಲೇ ಓದಿದರೆ ನನ್ನ ಕಣ್ಣು ಮಲಗಿಬಿಡುತ್ತದೆ.

ಗೆಳೆಯನಿಗೆ ಹನ್ನೊಂದು ತಿಂಗಳ ನಂತರ ಒಂದು ಕೆಲಸ ಸಿಕ್ಕಿತು, ಮೊದಲಿನದಕ್ಕಿಂತ ಚಿಕ್ಕದು. ಹನನ್ಯನ ಕಥೆ ಹೇಳಿ ಕ್ಷಮೆ ಕೇಳಿದೆ. ಅವನು ನಕ್ಕು, "ಆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅನ್ನೋ ಭಾಗ ಕಳಿಸಿದ್ದರೆ ಉಪಯೋಗಕ್ಕೆ ಬರ್ತಿತ್ತು ನೋಡು" ಅಂದ. ಈಗ ತಿಂಗಳಿಗೆ ಎರಡು ಸಲ ಫೋನಿನಲ್ಲೇ ಜೊತೆಗೆ ಓದುತ್ತೇವೆ. ಮತ್ತೆ ಮಾರ್ಕನಿಗೇ ಬಂದಿದ್ದೇವೆ.

ಹೋದ ವಾರ 14ನೇ ಅಧ್ಯಾಯ. ಯೇಸುವನ್ನು ಹಿಡಿಯುವ ರಾತ್ರಿ, ಎಲ್ಲರೂ ಓಡಿಹೋದ ಮೇಲೆ, ಬರೀ ಮೈಮೇಲೆ ನಾರುಮಡಿ ಹೊದ್ದುಕೊಂಡಿದ್ದ ಒಬ್ಬ ಯುವಕ ಅವನ ಹಿಂದೆ ಹೋಗುತ್ತಾನೆ. ಅವನನ್ನೂ ಹಿಡಿಯುತ್ತಾರೆ. ನಾರುಮಡಿಯನ್ನು ಅವರ ಕೈಯಲ್ಲೇ ಬಿಟ್ಟು ಬೆತ್ತಲೆಯಾಗಿ ಓಡುತ್ತಾನೆ. ಎರಡೇ ವಚನ. ಬೇರೆ ಯಾವ ಸುವಾರ್ತೆಯಲ್ಲೂ ಇವನಿಲ್ಲ. ನನ್ನ ನೋಟ್‌ಬುಕ್‌ನ ಎಡಗಡೆ ಪುಟದಲ್ಲಿ "ಯಾರಿವನು?" ಅಂತ ಮೂರು ಸಲ ಬರೆದಿದೆ, ಮೂರು ಬೇರೆ ಬೇರೆ ವರ್ಷ, ಮೂರು ಬೇರೆ ಬೇರೆ ಇಂಕು. ಗೆಳೆಯನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಡಿ, ಹಿಂದಿನ ಅಧ್ಯಾಯದಿಂದ ಓದೋಣ" ಅಂದ.